ತಾನಾಗಿ ಬೀಳುವ ಬೀಗ



ಕಾರು ಸೊಸೈಟಿಯ ಗೇಟು ದಾಟಿ ರಸ್ತೆಗೆ ಬಂದು ಸ್ವಲ್ಪ ವೇಗ ಹಿಡಿಯುತ್ತಿದ್ದಂತೆ ನಾಲ್ಕೂ ಬಾಗಿಲಿನಿಂದ ಒಟ್ಟಿಗೆ ‘ಟಕ್’ ಎಂದು ಒಂದು ಸದ್ದು ಬರುತ್ತದಲ್ಲ, ಅದನ್ನು ನೀವು ಕೇಳಿಯೇ ಇರುತ್ತೀರಿ. ಯಾರೂ ಗುಂಡಿ ಒತ್ತಿಲ್ಲ, ಯಾರೂ ಕೈ ಚಾಚಿಲ್ಲ, ಬೀಗ ತಾನಾಗಿ ಬಿದ್ದಿದೆ. ಒಂದು ಕಾಲಕ್ಕೆ ದೊಡ್ಡ ಕಾರಿನವರ ಹೆಮ್ಮೆಯಾಗಿದ್ದ ಈ ಸೌಲಭ್ಯ ಇಂದು ಆಲ್ಟೊ, ವ್ಯಾಗನ್ ಆರ್, ಟಿಯಾಗೊದಂಥ ಚಿಕ್ಕ ಕಾರುಗಳಿಗೂ ಇಳಿದು ಬಂದಿದೆ. ಶೋರೂಮಿನ ಹುಡುಗ ‘ಸೇಫ್ಟಿ ಫೀಚರ್ ಸಾರ್’ ಎಂದು ಒಂದೇ ಉಸಿರಿಗೆ ಹೇಳಿ ಪಟ್ಟಿಯ ಮುಂದಿನ ಸಾಲಿಗೆ ಹೋಗುತ್ತಾನೆ. ನಾವೂ ತಲೆಯಾಡಿಸುತ್ತೇವೆ.

ಸೇಫ್ಟಿ ಸರಿ, ಆದರೆ ಯಾವುದರಿಂದ? ಬೀಗ ಎಂದರೆ ಹೊರಗಿನವರನ್ನು ಹೊರಗಿಡುವ ಸಾಧನ. ಅದೇ ಬೀಗ ಒಳಗಿನವರನ್ನು ಒಳಗೇ ಇಡುತ್ತದೆ. ಈ ಎರಡನೆಯ ಮಾತನ್ನು ಕಾರು ಮಾಡುವವರು ಎಷ್ಟು ತಡವಾಗಿ ಯೋಚಿಸಿದರು ಎಂಬುದೇ ಇಂದಿನ ಕಥೆ. ನಿಮ್ಮಲ್ಲಿ ಮುಂಬೈಯಲ್ಲಿರುವವರಿಗೆ 2005ರ ಜುಲೈ 26 ಎಂದು ಹೇಳಿದರೆ ಸಾಕು, ಉಳಿದದ್ದು ತಾನಾಗಿ ನೆನಪಾಗುತ್ತದೆ. ಆ ದಿನಕ್ಕೆ ಬರೋಣ. ಅದಕ್ಕೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲ ಕಾರುಗಳಿಗೆ ಬೀಗದ ಮಾತಿರಲಿ, ಬಾಗಿಲೇ ಇರಲಿಲ್ಲ. 1886ರ ಬೆನ್ಜ್ ವಾಹನ ಮೂರು ಚಕ್ರದ ಮೇಲೆ ಕೂರಿಸಿದ ಒಂದು ಬೆಂಚು, ಅಷ್ಟೆ. 1908ರಲ್ಲಿ ಬಂದು ಅಮೆರಿಕದ ರೈತನ ಮನೆಯನ್ನೂ ಮುಟ್ಟಿದ ಫೋರ್ಡ್ ಮಾಡೆಲ್ ಟಿ ಕಾರಿಗೆ ಬಾಗಿಲುಗಳೇನೋ ಬಂದವು. ಆದರೆ ಅಮೆರಿಕದಲ್ಲಿ ತಯಾರಾದ ತೆರೆದ ಟೂರಿಂಗ್ ಮಾದರಿಯಲ್ಲಿ ಬಹಳ ವರ್ಷ ಚಾಲಕನ ಪಕ್ಕದ ಬಾಗಿಲು ನಿಜವಾದ ಬಾಗಿಲಲ್ಲ. ತಗಡಿನ ಮೇಲೆ ಬಾಗಿಲಿನ ಆಕಾರದ ಗೆರೆ ಒತ್ತಿಬಿಟ್ಟಿದ್ದರು! ಚಾಲಕ ಇನ್ನೊಂದು ಕಡೆಯಿಂದ ಹತ್ತಿ ಸರಿದು ಕೂರಬೇಕಿತ್ತು. ಹೆನ್ರಿ ಫೋರ್ಡ್‌ನ ಜಿಪುಣತನಕ್ಕೆ ಇದಕ್ಕಿಂತ ಚಂದದ ಉದಾಹರಣೆ ಸಿಗಲಿಕ್ಕಿಲ್ಲ.

ಇಲ್ಲಿ ಎರಡು ಪದಗಳನ್ನು ಬೇರೆ ಮಾಡಿಕೊಳ್ಳೋಣ. ನಮ್ಮ ಹಳೆಯ ಮನೆಗಳಲ್ಲಿ ಚಿಲಕ ಬೇರೆ, ಬೀಗ ಬೇರೆ. ಗಾಳಿಗೆ ಬಾಗಿಲು ತೆರೆದುಕೊಳ್ಳದಂತೆ ಹಿಡಿಯುವುದು ಚಿಲಕ. ಆ ಚಿಲಕವನ್ನು ಬೇರೆಯವರು ತೆಗೆಯದಂತೆ ನೋಡಿಕೊಳ್ಳುವುದು ಬೀಗ. ಕಾರಿನಲ್ಲೂ ಹಾಗೆಯೇ. ಬಾಗಿಲನ್ನು ‘ಧಡ್’ ಎಂದು ಹಾಕಿದಾಗ ಕಂಬಕ್ಕೆ ಕಚ್ಚಿಕೊಳ್ಳುವ ಕೊಕ್ಕೆ ಚಿಲಕ. ಹ್ಯಾಂಡಲ್ ಎಳೆದರೂ ಆ ಕೊಕ್ಕೆ ಬಿಡದಂತೆ ಮಾಡುವುದು ಬೀಗ. ಇಂಗ್ಲಿಷಿನವರು ಎರಡನ್ನೂ ಆಗಾಗ ‘ಲಾಕ್’ ಎಂದೇ ಕರೆದು ಗೊಂದಲ ಮಾಡಿಟ್ಟಿದ್ದಾರೆ. ನಮ್ಮ ಭಾಷೆಯಲ್ಲಿ ಆ ತೊಂದರೆ ಇಲ್ಲ.

ಮೊದಲು ಜೀವ ತೆಗೆದದ್ದು ಚಿಲಕ. ಹಳೆಯ ಕಾರುಗಳ ಚಿಲಕ ಎಷ್ಟು ಸಡಿಲವೆಂದರೆ, ಡಿಕ್ಕಿ ಹೊಡೆದ ಕೂಡಲೇ ಬಾಗಿಲು ಹಾರಿ ತೆರೆದು ಒಳಗಿದ್ದವರು ರಸ್ತೆಗೆ ಬೀಳುತ್ತಿದ್ದರು. ಕೆಲವು ಕಾರುಗಳಲ್ಲಿ ಬಾಗಿಲಿನ ಕೀಲು ಹಿಂದುಗಡೆ ಇರುತ್ತಿತ್ತು. ಓಡುವಾಗ ಚಿಲಕ ತಪ್ಪಿದರೆ ಎದುರುಗಾಳಿ ಬಾಗಿಲನ್ನು ಕಿತ್ತುಕೊಂಡು ಹೋಗುವಂತೆ ತೆರೆಯುತ್ತಿತ್ತು. ಇಂಥ ಬಾಗಿಲಿಗೆ ಜನ ಇಟ್ಟ ಹೆಸರು ‘ಸೂಯಿಸೈಡ್ ಡೋರ್’, ಅಂದರೆ ಆತ್ಮಹತ್ಯೆಯ ಬಾಗಿಲು. ಮುಂಬೈಯ ಹಿರಿಯರಿಗೆ ಇದು ಗೊತ್ತು. 1954ರಿಂದ ಕುರ್ಲಾದ ಪ್ರೀಮಿಯರ್ ಕಂಪನಿ ಜೋಡಿಸಿದ ಫಿಯೆಟ್ 1100, ಮರಾಠಿಗರು ಪ್ರೀತಿಯಿಂದ ‘ಡುಕ್ಕರ್ ಫಿಯೆಟ್’ ಎಂದು ಕರೆದ ಆ ದುಂಡು ಮೂತಿಯ ಕಾರಿನ ಮುಂಬಾಗಿಲುಗಳು ಹೀಗೆಯೇ ಹಿಂದಕ್ಕೆ ತೆರೆಯುತ್ತಿದ್ದವು.

ಆ ಕಾಲದಲ್ಲಿ ಒಂದು ನಂಬಿಕೆ ಇತ್ತು: ಅಪಘಾತದಲ್ಲಿ ಕಾರಿನಿಂದ ಹೊರಗೆ ಎಸೆಯಲ್ಪಟ್ಟವನು ಪುಣ್ಯವಂತ, ಬದುಕಿಕೊಂಡ. ಇದನ್ನು ಸುಳ್ಳೆಂದು ತೋರಿಸಿದ ಕೆಲಸದ ಹಿಂದೆ ಇದ್ದವರು ಹ್ಯೂ ಡಿಹೇವನ್ ಎಂಬ ಅಮೆರಿಕನ್. 1917ರಲ್ಲಿ ಕೆನಡಾದಲ್ಲಿ ವಿಮಾನ ಹಾರಾಟದ ತರಬೇತಿ ಪಡೆಯುತ್ತಿದ್ದಾಗ ಇವರ ವಿಮಾನ ಅಪ್ಪಳಿಸಿ ಮೈಯೆಲ್ಲ ಜಖಂ ಆಗಿತ್ತು. ಬದುಕುಳಿದ ಮೇಲೆ ಅವರನ್ನು ಬಿಡದೆ ಕಾಡಿದ ಪ್ರಶ್ನೆ ಒಂದೇ: ನಾನು ಹೇಗೆ ಉಳಿದೆ, ನನ್ನ ಗಾಯಗಳು ಎಲ್ಲಿಂದ ಬಂದವು? ಮುಂದೆ ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಅವರು ಕಟ್ಟಿದ ಸಂಶೋಧನಾ ತಂಡ ಮೊದಲು ವಿಮಾನಗಳ, ಆಮೇಲೆ ಕಾರುಗಳ ಅಪಘಾತದ ವರದಿಗಳನ್ನು ರಾಶಿಗಟ್ಟಲೆ ಕೂಡಿಸಿ ನೋಡಿತು. ಹೊರಗೆ ಬಿದ್ದವರು ಸಾಯುವ ಸಂಭವ ಒಳಗೇ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು ಎಂದು ಗೊತ್ತಾಯಿತು. ಹೊರಗೆ ಬೀಳುವುದು ಬಾಗಿಲು ತೆರೆದುಕೊಂಡಾಗ. ಹಾಗಾದರೆ ಚಿಲಕ ಗಟ್ಟಿ ಮಾಡಿ!

ಜರ್ಮನಿಯಲ್ಲಿ ಮರ್ಸಿಡಿಸ್‌ನವರು ಗಟ್ಟಿ ಚಿಲಕವೊಂದಕ್ಕೆ 1949ರಲ್ಲೇ ಪೇಟೆಂಟ್ ಪಡೆದಿದ್ದರು. ಅಮೆರಿಕದಲ್ಲಿ ಫೋರ್ಡ್ 1956ರ ಮಾದರಿಯ ಕಾರುಗಳಿಗೆ ‘ಲೈಫ್‌ಗಾರ್ಡ್’ ಎಂಬ ಹೆಸರಿನಲ್ಲಿ ಸುರಕ್ಷತೆಯ ಕಟ್ಟು ತಂದಿತು. ಅದರಲ್ಲಿ ಸೀಟ್ ಬೆಲ್ಟಿಗೆ ಹೆಚ್ಚಿನ ಹಣ ಕೊಡಬೇಕಿತ್ತು, ಗಟ್ಟಿ ಚಿಲಕ ಮಾತ್ರ ಎಲ್ಲ ಕಾರಿಗೂ ಬಂತು. ಅದೇ 1956ರಲ್ಲಿ, ಅದೇ ದೇಶದಲ್ಲಿ, ಪ್ಯಾಕಾರ್ಡ್ ಎಂಬ ಶ್ರೀಮಂತರ ಕಾರಿನ ಕಂಪನಿ ವಿದ್ಯುತ್ತಿನಿಂದ ನಡೆಯುವ ಬೀಗವನ್ನು ಮಾರುಕಟ್ಟೆಗೆ ಬಿಟ್ಟಿತು. ಕೂತಲ್ಲಿಂದಲೇ ಎಲ್ಲ ಬಾಗಿಲಿಗೂ ಬೀಗ! ಫೋರ್ಡಿನದು ಪ್ರಾಣದ ಚಿಂತೆ, ಪ್ಯಾಕಾರ್ಡಿನದು ಸೋಮಾರಿತನದ ಸುಖ. ಇಂದು ನಿಮ್ಮ ಕಾರಿನಲ್ಲಿ ಕೇಳುವ ‘ಟಕ್’ ಸದ್ದು ಈ ಎರಡೂ ವಂಶದ ಕೂಸು.

1965ರಲ್ಲಿ ರಾಲ್ಫ್ ನೇಡರ್ ಕಾರು ಕಂಪನಿಗಳ ಮೇಲೆ ಬರೆದ ಪುಸ್ತಕ ಅಮೆರಿಕವನ್ನು ಅಲುಗಾಡಿಸಿತು. 1966ರಲ್ಲಿ ಸುರಕ್ಷತೆಯ ಕಾನೂನು ಬಂತು. ಅದರಡಿಯಲ್ಲಿ 1968ರ ಜನವರಿ 1ರಿಂದ ಬಾಗಿಲಿನ ಚಿಲಕ, ಬೀಗ, ಕೀಲುಗಳಿಗೇ ಒಂದು ನಿಯಮ ಜಾರಿಯಾಯಿತು. ಅದರ ಸಂಖ್ಯೆ 206. ಈ ನಿಯಮದಲ್ಲಿ ಒಂದು ಸೂಕ್ಷ್ಮ ಸಂಗತಿ ಇದೆ, ದಯವಿಟ್ಟು ಗಮನವಿಟ್ಟು ಓದಿ. ಮುಂಬಾಗಿಲಿಗೆ ಬೀಗ ಬಿದ್ದರೆ ಹೊರಗಿನ ಹ್ಯಾಂಡಲ್ ಕೆಲಸ ಮಾಡಬಾರದು. ಹಿಂಬಾಗಿಲಿಗೆ ಬೀಗ ಬಿದ್ದರೆ ಹೊರಗಿನದೂ ಮಾಡಬಾರದು, ಒಳಗಿನದೂ ಮಾಡಬಾರದು! ಕಾರಣ ಸ್ಪಷ್ಟ. ಹಿಂದೆ ಕೂರುವುದು ಮಕ್ಕಳು, ಓಡುವ ಕಾರಿನಲ್ಲಿ ಅವರು ಹ್ಯಾಂಡಲ್ ಎಳೆದು ಬೀಳಬಾರದು. ಹಿಂದಿನ ಸೀಟಿನವರು ಮೊದಲು ಬೀಗ ತೆಗೆದು ಆಮೇಲೆ ಹ್ಯಾಂಡಲ್ ಎಳೆಯಬೇಕು. ಇಂದಿಗೂ ಎಷ್ಟೋ ಕಾರುಗಳಲ್ಲಿ ಮುಂದಿನವರಿಗೆ ಒಂದು ರೀತಿ, ಹಿಂದಿನವರಿಗೆ ಇನ್ನೊಂದು ರೀತಿ. ಆ ಭೇದದ ಹಿಂದಿನ ಯೋಚನೆ ಇದೇ. ಕೆಟ್ಟ ಯೋಚನೆಯಲ್ಲ. ಆದರೆ ಹಿಂದೆ ಕೂತವರು ಅವಸರದಲ್ಲಿ ಹೊರಗೆ ಬರಬೇಕಾದ ಸಂದರ್ಭ ಆ ಲೆಕ್ಕದಲ್ಲಿ ಚಿಕ್ಕದಾಗಿತ್ತು.

ಇನ್ನು ದೂರದಿಂದಲೇ ಬೀಗ ತೆಗೆಯುವ ಕಥೆ. 1982ರಲ್ಲಿ ಫ್ರಾನ್ಸಿನ ರೆನೋ ಕಂಪನಿ ತನ್ನ ಫ್ಯೂಗೊ ಕಾರಿನಲ್ಲಿ ಇದನ್ನು ತಂದಿತು. ಕಂಡುಹಿಡಿದವರು ಪಾಲ್ ಲಿಪ್‌ಶುಟ್ಜ್. ಅವರ ಹೆಸರಿನ ಅಕ್ಷರಗಳನ್ನೇ ಕೂಡಿಸಿ ಫ್ರೆಂಚರು ಕೈಯಲ್ಲಿ ಹಿಡಿಯುವ ಆ ರಿಮೋಟಿಗೆ ‘ಪ್ಲಿಪ್’ ಎಂದರು, ಇಂದಿಗೂ ಅನ್ನುತ್ತಾರೆ. ಬೀಗದ ಚರಿತ್ರೆಯಲ್ಲಿ ತನ್ನ ಹೆಸರನ್ನೇ ಒಂದು ಸಾಮಾನಿಗೆ ಬಿಟ್ಟುಹೋಗುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು!

ಬೀಗ ‘ತಾನಾಗಿ’ ಬೀಳಬೇಕೆಂಬ ಒತ್ತಾಯ ಬಲವಾದದ್ದು ಮಾತ್ರ ಭಯದಿಂದ. 1990ರ ದಶಕದ ಆರಂಭದಲ್ಲಿ ಅಮೆರಿಕದ ನಗರಗಳಲ್ಲಿ ಸಿಗ್ನಲ್‌ನಲ್ಲಿ ನಿಂತ ಕಾರಿನ ಬಾಗಿಲು ತೆರೆದು, ಚಾಲಕರನ್ನು ಎಳೆದು ಹಾಕಿ ಕಾರು ಕದಿಯುವುದು ಹೆಚ್ಚಾಯಿತು. ‘ಕಾರ್‌ಜಾಕಿಂಗ್’ ಎಂಬ ಪದವೇ ಆಗ, 1991ರಲ್ಲಿ, ಡೆಟ್ರಾಯಿಟ್‌ನ ಪತ್ರಿಕೆಯಿಂದ ಚಾಲ್ತಿಗೆ ಬಂತು. 1992ರ ಸೆಪ್ಟೆಂಬರಿನಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ಭಾರತೀಯ ಕುಟುಂಬದ ತಾಯಿಯೊಬ್ಬರು, ವೃತ್ತಿಯಿಂದ ರಸಾಯನಶಾಸ್ತ್ರಜ್ಞೆ, ಪುಟ್ಟ ಮಗಳನ್ನು ಮೊದಲ ದಿನದ ಶಿಶುವಿಹಾರಕ್ಕೆ ಕರೆದೊಯ್ಯುತ್ತಿದ್ದರು. ನಿಂತ ಕಾರಿಗೆ ಇಬ್ಬರು ಕಳ್ಳರು ನುಗ್ಗಿದರು. ಸೀಟ್ ಬೆಲ್ಟಿಗೆ ಕೈ ಸಿಕ್ಕಿದ ಆ ತಾಯಿ ಮೈಲುಗಟ್ಟಲೆ ಎಳೆಯಲ್ಪಟ್ಟು ಪ್ರಾಣ ಬಿಟ್ಟರು. ಮಗುವನ್ನು ಸೀಟಿನ ಸಮೇತ ಹೊರಗೆ ಎಸೆದಿದ್ದರು, ಅದು ಉಳಿಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾರ್‌ಜಾಕಿಂಗ್ ಅಮೆರಿಕದ ಕೇಂದ್ರ ಕಾನೂನಿನಡಿ ಅಪರಾಧವಾಯಿತು. ಗೇರ್ ಹಾಕಿದ ಕೂಡಲೇ ಅಥವಾ ಒಂದಿಷ್ಟು ವೇಗ ದಾಟಿದ ಕೂಡಲೇ ತಾನಾಗಿ ಬೀಳುವ ಬೀಗ ಈಗ ಸುಖದ ವಸ್ತುವಾಗಿ ಉಳಿಯಲಿಲ್ಲ, ತಾಯಂದಿರು ಕೇಳಿ ಪಡೆಯುವ ವಸ್ತುವಾಯಿತು.

ಯುರೋಪಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಳ್ಳ ಗಾಜು ಒಡೆದು ಒಳಗೆ ಕೈ ಹಾಕಿದರೂ ಬಾಗಿಲು ತೆರೆಯಬಾರದೆಂದು ‘ಡೆಡ್‌ಲಾಕ್’ ತಂದರು. ಅದು ಬಿದ್ದರೆ ಒಳಗಿನ ಹ್ಯಾಂಡಲೂ ಸತ್ತಂತೆ. ಒಳಗೆ ಯಾರೂ ಇಲ್ಲ ಎಂಬ ನಂಬಿಕೆಯ ಮೇಲೆ ಮಾಡಿದ ಬೀಗ ಅದು.

ಈಗ ನಮ್ಮ ದೇಶಕ್ಕೆ ಬನ್ನಿ. 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀ ಕೊಟ್ಟರಲ್ಲ, ಆ ಕೀ ತೆರೆಯುತ್ತಿದ್ದದ್ದು ಒಂದು ಬಾಗಿಲನ್ನು. ಉಳಿದವಕ್ಕೆ ಒಳಗಿನಿಂದ ಕೈ ಚಾಚಬೇಕಿತ್ತು. ಕುಟುಂಬದ ಪ್ರಯಾಣವೆಂದರೆ ‘ಹಿಂದಿನ ಲಾಕ್ ಒತ್ತಿದೆಯಾ? ನಿನ್ನ ಕಡೇದು?’ ಎಂಬ ವಿಚಾರಣೆಯಿಂದಲೇ ಶುರು. ಕೀ ಒಳಗೆ ಮರೆತರೂ ಭಯವಿರಲಿಲ್ಲ. ಮೂಲೆಯ ಮೆಕ್ಯಾನಿಕ್ ಒಂದು ಸ್ಟೀಲ್ ಸ್ಕೇಲ್ ತಂದು ಗಾಜಿನ ರಬ್ಬರಿನ ಸಂದಿಯಲ್ಲಿ ಇಳಿಸಿ ಒಳಗಿನ ಸಲಾಕೆಯನ್ನು ಮೀಟಿದರೆ ಮುಗಿಯಿತು. ಇನ್ನು ಪ್ರೀಮಿಯರ್ ಪದ್ಮಿನಿಯ ಮಾತೇ ಬೇಡ. ಒಂದು ಫಿಯೆಟ್ಟಿನ ಕೀ ಇನ್ನೊಂದು ಫಿಯೆಟ್ಟನ್ನೂ ತೆರೆಯುತ್ತದೆ ಎಂದು ಮುಂಬೈ ಟ್ಯಾಕ್ಸಿಯವರು ತಮಾಷೆ ಮಾಡುತ್ತಿದ್ದರು. ಪೂರ್ತಿ ತಮಾಷೆಯೋ ಅಲ್ಲವೋ, ಸವೆದ ಬೀಗಕ್ಕೆ ಸವೆದ ಕೀ ಸಾಕಾಗುತ್ತಿತ್ತು.

ಆರ್ಥಿಕ ಉದಾರೀಕರಣದ ನಂತರ 1993ರಲ್ಲಿ ಝೆನ್ ಬಂತು. 1998ರಲ್ಲಂತೂ ಸ್ಯಾಂಟ್ರೊ, ಮಾಟಿಝ್, ಇಂಡಿಕಾ ಮೂರೂ ಒಟ್ಟಿಗೆ ಬಂದವು. ಕಾರಿನ ಬೆಲೆ ಇಳಿಸಲು ಕಂಪನಿಗಳು ಕೆಳಗಿನ ಮಾದರಿಯಲ್ಲಿ ಸೆಂಟ್ರಲ್ ಲಾಕಿಂಗ್ ಕೊಡುತ್ತಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಬಿಡಿಭಾಗಗಳ ಬೀದಿಗಳು. ಬೆಂಗಳೂರಿನ ಜೆ.ಸಿ. ರಸ್ತೆ, ಮುಂಬೈಯ ಓಪೆರಾ ಹೌಸ್, ಚೆನ್ನೈಯ ಜಿ.ಪಿ. ರಸ್ತೆ, ದೆಹಲಿಯ ಕರೋಲ್ ಬಾಗ್, ಎಲ್ಲಿ ಹೋದರೂ ಒಂದೇ ಬಗೆಯ ಡಬ್ಬ. ಅದರಲ್ಲಿ ನಾಲ್ಕು ಪುಟ್ಟ ಮೋಟಾರು, ಒಂದು ಕಂಟ್ರೋಲ್ ಪೆಟ್ಟಿಗೆ, ಸಲಾಕೆಗಳು, ಸ್ಕ್ರೂಗಳು. ಚಾಲಕನ ಬಾಗಿಲಿನ ಮೋಟಾರಿಗೆ ಐದು ವೈರು, ಉಳಿದ ಮೂರಕ್ಕೆ ಎರಡೆರಡು. ಚಾಲಕ ತನ್ನ ಬೀಗ ಒತ್ತಿದರೆ ಆ ಹೆಚ್ಚಿನ ವೈರುಗಳು ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತವೆ. ಪೆಟ್ಟಿಗೆ ಉಳಿದ ಮೂರು ಮೋಟಾರಿಗೆ ಕ್ಷಣಮಾತ್ರ ಕರೆಂಟ್ ಕೊಡುತ್ತದೆ. ಸಲಾಕೆ ಎಳೆಯುತ್ತದೆ, ‘ಟಕ್’. ಅಷ್ಟೇ ವಿದ್ಯೆ. ಇಗ್ನಿಷನ್ ಹಾಕಿದ ಕೆಲವು ಸೆಕೆಂಡಿಗೆ ತಾನಾಗಿ ಬೀಗ ಹಾಕುವ ಅಲಾರಂ ಕಿಟ್ಟುಗಳೂ ಅದೇ ಅಂಗಡಿಗಳಲ್ಲಿ ಸಿಗುತ್ತಿದ್ದವು. ಅಂದರೆ ನಮ್ಮ ಚಿಕ್ಕ ಕಾರಿಗೆ ತಾನಾಗಿ ಬೀಳುವ ಬೀಗ ಮೊದಲು ಬಂದದ್ದು ಎಷ್ಟೋ ಸಲ ಕಾರ್ಖಾನೆಯಿಂದಲ್ಲ, ಫುಟ್‌ಪಾತಿನ ಎಲೆಕ್ಟ್ರಿಷಿಯನ್ ಕೈಯಿಂದ. ವೈರನ್ನು ಅವನು ಎಲ್ಲಿ ಕತ್ತರಿಸಿ ಎಲ್ಲಿ ಟೇಪು ಸುತ್ತಿದ ಎಂಬುದನ್ನು ಯಾರೂ ಪರೀಕ್ಷಿಸಲಿಲ್ಲ.

ಈಗ ಆ ದಿನ. 2005ರ ಜುಲೈ 26, ಮಂಗಳವಾರ. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಯಲ್ಲಿ ದಾಖಲಾದ ಮಳೆ 944 ಮಿಲಿಮೀಟರ್. ಅದೇ ಹೊತ್ತಿಗೆ ಕೊಲಾಬಾದಲ್ಲಿ ಬರೀ 73. ದಕ್ಷಿಣ ಮುಂಬೈಯ ಆಫೀಸಿನಿಂದ ಹೊರಟವರಿಗೆ ಉತ್ತರದಲ್ಲಿ ಏನು ಕಾದಿದೆ ಎಂಬ ಅಂದಾಜೇ ಇರಲಿಲ್ಲ. ಮೀಠಿ ನದಿ ದಂಡೆ ಮೀರಿತು. ಕಲೀನಾ, ಕುರ್ಲಾ, ಸಯಾನ್, ಮಿಲನ್ ಸಬ್‌ವೇ ಎಲ್ಲ ನೀರು. ಮುಂಬೈ ನಗರವೊಂದರಲ್ಲೇ 400ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ತಮ್ಮದೇ ಕಾರಿನೊಳಗೆ, ಕಿಟಕಿ ಮುಚ್ಚಿದ ಹಾಗೆಯೇ ಸತ್ತವರು ಇದ್ದರು. ನೀರು ಇಳಿದ ಮೇಲೆ ಗಾಜು ಒರೆಸಿ ನೋಡಿದವರಿಗೆ ಕಂಡ ದೃಶ್ಯವನ್ನು ನಾನು ಇಲ್ಲಿ ಬಣ್ಣಿಸುವುದಿಲ್ಲ.

ಮರುವಾರ ಊರೆಲ್ಲ ಒಂದೇ ಮಾತು: ‘ಆಟೋ ಲಾಕ್ ಕೊಂದಿತು.’ ಕಾರಿನಲ್ಲಿ ಸುತ್ತಿಗೆ ಇಡುವ ಅಭ್ಯಾಸ ಮುಂಬೈಯಲ್ಲಿ ಅಲ್ಲಿಂದ ಬಂತು. ಆ ಮಾತು ನಿಜವೇ? ಅರ್ಧ ಮಾತ್ರ ನಿಜ ಎನ್ನುವುದು ನನ್ನ ಅಭಿಪ್ರಾಯ, ಆ ಅರ್ಧ ಯಾವುದೆಂದು ತಿಳಿದಿದ್ದರೆ ಒಳ್ಳೆಯದು.

ಬಾಗಿಲಿನ ಅಗಲ ಒಂದು ಮೀಟರ್ ಎಂದಿಟ್ಟುಕೊಳ್ಳಿ. ಹೊರಗೆ ನೀರು ಬಾಗಿಲಿನ ಕೆಳ ಅಂಚಿನಿಂದ 60 ಸೆಂಟಿಮೀಟರ್, ಅಂದರೆ ಎರಡು ಅಡಿ ಏರಿದೆ. ಒಳಗೆ ಇನ್ನೂ ಒಣಗಿದೆ. ಶಾಲೆಯ ಭೌತಶಾಸ್ತ್ರದ ಲೆಕ್ಕ ಹಾಕಿದರೆ ಆ ಬಾಗಿಲನ್ನು ನೀರು ಒತ್ತುವ ಬಲ ಸುಮಾರು 180 ಕಿಲೋ ಭಾರಕ್ಕೆ ಸಮ. ಕೀಲಿನಿಂದ ದೂರದ ಅಂಚಿಗೆ ಕೈಕೊಟ್ಟು ತಳ್ಳಿದರೂ 90 ಕಿಲೋ ತಳ್ಳಬೇಕು, ಅದೂ ಕೂತಲ್ಲಿಂದ, ಅಡ್ಡಡ್ಡವಾಗಿ. ಬೀಗ ಪೂರ್ತಿ ತೆಗೆದಿದ್ದರೂ ಬಾಗಿಲು ಅಲುಗುವುದಿಲ್ಲ! ಒಳಗಿದ್ದವರಿಗೆ ಅದು ‘ಲಾಕ್ ಆಗಿದೆ’ ಎಂದೇ ಅನಿಸುತ್ತದೆ. ಅಂದರೆ ಎಷ್ಟೋ ಕಾರುಗಳಲ್ಲಿ ಬೀಗ ಹಾಕಿದ್ದು ನೀರೇ.

ಬಾಗಿಲು ಹೋಯಿತು, ಉಳಿದದ್ದು ಕಿಟಕಿ. ವಿದ್ಯುತ್ ನಿಜವಾಗಿ ಕೈಕೊಟ್ಟದ್ದು ಅಲ್ಲಿ. ಬೀಗದ ಮೋಟಾರು ಸತ್ತರೂ ಸಲಾಕೆಯನ್ನು ಕೈಯಿಂದ ಎಳೆಯಬಹುದು. ಗಾಜಿನ ಮೋಟಾರು ಸತ್ತರೆ ಎಳೆಯಲು ಏನೂ ಇಲ್ಲ. ಕೈಯಿಂದ ತಿರುಗಿಸಿ ಗಾಜು ಇಳಿಸುವ ಬೇಸ್ ಮಾಡೆಲ್ ಕಾರಿನವನು, ‘ಪವರ್ ವಿಂಡೋ ಇಲ್ಲ’ ಎಂದು ನೆಂಟರ ಮುಂದೆ ಸಂಕೋಚಪಡುತ್ತಿದ್ದವನು, ಆ ಸಂಜೆ ಹೆಚ್ಚು ಸುರಕ್ಷಿತನಾಗಿದ್ದ. ಇನ್ನೊಂದು ಸಂಗತಿ ಉಸಿರಿನದು. ಎಂಜಿನ್ ಚಾಲೂ ಇಟ್ಟು, ಗಾಜು ಮುಚ್ಚಿ, ಎ.ಸಿ. ಹಾಕಿಕೊಂಡು ‘ಟ್ರಾಫಿಕ್ ಸರಿಯಾಗಲಿ’ ಎಂದು ಗಂಟೆಗಟ್ಟಲೆ ಕಾದವರಿದ್ದರು. ಹೊಗೆಕೊಳವೆ ನೀರಿನಲ್ಲಿ ಮುಳುಗಿದರೆ ವಿಷಗಾಳಿ ಒಳಗೆ ಸೇರುವ ಅಪಾಯವಿದೆ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆ ಬಂದಂತೆ ಆಗುತ್ತದೆ.

ಹಾಗಾದರೆ ಬೀಗದ ತಪ್ಪಿನ ಅರ್ಧ ಯಾವುದು? ನೀರು ಇನ್ನೂ ಪಾದದ ಮಟ್ಟದಲ್ಲಿದ್ದ, ಬಾಗಿಲು ಇನ್ನೂ ತೆರೆಯಬಹುದಾಗಿದ್ದ ಆ ಕೆಲವು ನಿಮಿಷಗಳು. ಆಗ ರಿಮೋಟ್ ಒತ್ತಿದರೆ ‘ಟಕ್’ ಬರುವುದಿಲ್ಲ. ಹ್ಯಾಂಡಲ್ ಎಳೆದರೆ ಬಾಗಿಲು ಬಿಡುವುದಿಲ್ಲ. ಕೈಯಿಂದ ಬೀಗ ತೆಗೆಯುವುದು ಎಲ್ಲಿ, ಹೇಗೆ ಎಂದು ಗೊತ್ತಿಲ್ಲ, ಏಕೆಂದರೆ ಕಾರು ಕೊಂಡ ದಿನದಿಂದ ಅದನ್ನು ಮುಟ್ಟಿಯೇ ಇಲ್ಲ. ‘ತಾನಾಗಿ’ ಎಂಬ ಪದ ಮಾಡಿದ ಹಾನಿ ಇದು. ನಮ್ಮ ಕೈಗೆ ಗೊತ್ತಿದ್ದ ಕೆಲಸ ಕೈ ಮರೆತುಬಿಟ್ಟಿತು.

ಅದು ಒಂದು ದಿನದ, ಒಂದು ಊರಿನ ಕಥೆಯಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. 2017ರ ಆಗಸ್ಟ್ 29ರ ಮಳೆಯಲ್ಲಿ ಸಯಾನ್ ಬಳಿ ಯುವ ವಕೀಲರೊಬ್ಬರು ಕಾರಿನೊಳಗೆ ಉಸಿರುಗಟ್ಟಿ ತೀರಿಕೊಂಡರು. 2019ರ ಜುಲೈ ಮೊದಲ ವಾರ ಮಲಾಡ್ ಸಬ್‌ವೇಯಲ್ಲಿ ಇಬ್ಬರು. 2023ರ ಮೇ 21ರಂದು ನಮ್ಮ ಬೆಂಗಳೂರಿನಲ್ಲೇ, ವಿಧಾನಸೌಧದಿಂದ ಕೂಗಳತೆಯ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ, ಕುಟುಂಬದೊಡನೆ ಬಾಡಿಗೆ ಕಾರಿನಲ್ಲಿದ್ದ ಇಪ್ಪತ್ತರ ಹರೆಯದ ಸಾಫ್ಟ್‌ವೇರ್ ಉದ್ಯೋಗಿಯೊಬ್ಬಳು. 2024ರ ಸೆಪ್ಟೆಂಬರಿನಲ್ಲಿ ದೆಹಲಿಯ ಪಕ್ಕದ ಫರೀದಾಬಾದಿನ ಅಂಡರ್‌ಪಾಸಿನಲ್ಲಿ ಬ್ಯಾಂಕಿನ ಇಬ್ಬರು ಸಿಬ್ಬಂದಿ. ಎಲ್ಲವೂ ಕೆಲವೇ ಅಡಿ ನೀರು, ನಡುವೂರಿನಲ್ಲಿ.

ನೀರಿಲ್ಲದೆಯೂ ಇದೇ ಬಾಗಿಲುಗಳು ಜೀವ ತೆಗೆದಿವೆ, ಅದೂ ಮಕ್ಕಳದು. 2017ರಲ್ಲಿ ಗುರುಗ್ರಾಮದ ಬಳಿಯ ಹಳ್ಳಿಯಲ್ಲಿ ಐದು ವರ್ಷದ ಅವಳಿ ಹೆಣ್ಣುಮಕ್ಕಳು, 2024ರಲ್ಲಿ ಗುಜರಾತಿನ ಅಮ್ರೇಲಿ ಜಿಲ್ಲೆಯಲ್ಲಿ ಕೂಲಿ ಕುಟುಂಬದ ನಾಲ್ವರು, 2025ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂನಲ್ಲಿ ಮತ್ತೆ ನಾಲ್ವರು. ನಿಂತ ಕಾರಿನೊಳಗೆ ಆಡಲು ಹತ್ತಿದರು, ಬಾಗಿಲು ಹಾಕಿಕೊಂಡಿತು, ತೆರೆಯಲು ಆಗಲಿಲ್ಲ. 2005ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗಿನ ಶಾಖ ಅಳೆದು ನೋಡಿದ್ದರು. ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿಕೆ, ಅದರಲ್ಲಿ ಶೇಕಡಾ 80 ಭಾಗ ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ಒಂದೂವರೆ ಇಂಚು ಇಳಿಸಿದರೂ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. ‘ಎರಡು ನಿಮಿಷ, ತರಕಾರಿ ತಂದುಬಿಡ್ತೀನಿ’ ಎಂದು ಮಗುವನ್ನು ಕಾರಿನಲ್ಲಿ ಬಿಟ್ಟುಹೋಗುವವರು ಈ ಅಂಕಿಯನ್ನು ಒಮ್ಮೆ ನೆನೆಯಲಿ.

ನಮ್ಮ ಸರ್ಕಾರದ ನಿಯಮ ಬಂದದ್ದು ಯಾವಾಗ ಗೊತ್ತೇ? 2019ರ ಜುಲೈ 1ರಿಂದ. ಅಂದಿನಿಂದ ತಯಾರಾಗುವ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ನೆನಪಿಸುವ ಗಂಟೆ, ವೇಗದ ಎಚ್ಚರಿಕೆ, ಹಿಂದೆ ತೆಗೆಯುವಾಗಿನ ಸೆನ್ಸರ್ ಕಡ್ಡಾಯವಾದವು. ಪತ್ರಿಕೆಗಳು ಇವನ್ನೆಲ್ಲ ದೊಡ್ಡದಾಗಿ ಬರೆದವು. ಪಟ್ಟಿಯ ಕೊನೆಯಲ್ಲಿ ಇನ್ನೊಂದು ಇತ್ತು, ಅದನ್ನು ಹೆಚ್ಚಿನವರು ಗಮನಿಸಲಿಲ್ಲ: ಸೆಂಟ್ರಲ್ ಲಾಕಿಂಗ್ ಇರುವ ಕಾರಿನಲ್ಲಿ ವಿದ್ಯುತ್ ಹೋದರೂ ಒಳಗಿನವರು ಕೈಯಿಂದ ಬೀಗ ತೆಗೆದು ಹೊರಬರುವ ವ್ಯವಸ್ಥೆ ಇರಲೇಬೇಕು. ಪ್ಯಾಕಾರ್ಡಿನ ವಿದ್ಯುತ್ ಬೀಗದಿಂದ ಲೆಕ್ಕ ಹಾಕಿದರೆ 63 ವರ್ಷ, ಮುಂಬೈಯ ಆ ಮಂಗಳವಾರದಿಂದ 14 ವರ್ಷ. ಅದೇ ದಿನದಿಂದ ಹೊಸ ಟ್ಯಾಕ್ಸಿಗಳ ಹಿಂಬಾಗಿಲಿಗೆ ಚೈಲ್ಡ್ ಲಾಕ್ ಇರಬಾರದೆಂಬ ನಿಯಮವೂ ಬಂತು. ಅದರ ಹಿಂದೆ ಇದ್ದದ್ದು ಟ್ಯಾಕ್ಸಿಗಳಲ್ಲಿ ಒಂಟಿ ಹೆಂಗಸರ ಮೇಲೆ ನಡೆದ ಅಪರಾಧಗಳು. ಮಗುವನ್ನು ಕಾಯಲು ಮಾಡಿದ ಲಾಕ್ ಹೆಂಗಸನ್ನು ಸೆರೆ ಹಿಡಿಯಲು ಬಳಕೆಯಾಗಿತ್ತು.

ಈಗಿನ ಹಲವು ಕಾರುಗಳಲ್ಲಿ ಡಿಕ್ಕಿಯಾದಾಗ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಸೂಚನೆಯ ಜೊತೆಗೇ ಬಾಗಿಲಿನ ಬೀಗವೂ ತೆರೆದುಕೊಳ್ಳುತ್ತದೆ. ಒಳ್ಳೆಯ ಏರ್ಪಾಡು. ಆದರೆ ನಿಧಾನವಾಗಿ ಏರುವ ನೀರು ಡಿಕ್ಕಿಯಲ್ಲ. ಆ ಸೆನ್ಸರಿಗೆ ಅದು ತಿಳಿಯುವುದಿಲ್ಲ. ಅಲ್ಲದೆ 2019ಕ್ಕೆ ಮುಂಚಿನ ಲಕ್ಷಾಂತರ ಕಾರುಗಳು ಇನ್ನೂ ಓಡುತ್ತಿವೆ, ಫುಟ್‌ಪಾತಿನಲ್ಲಿ ಹಾಕಿಸಿದ ಕಿಟ್ಟುಗಳ ಸಮೇತ.

ಆದ್ದರಿಂದ ಈ ಭಾನುವಾರ ಒಂದು ಕೆಲಸ ಮಾಡಿ. ಎಂಜಿನ್ ಆಫ್ ಮಾಡಿ, ಕೀ ಮನೆಯವರ ಕೈಯಲ್ಲಿ ಕೊಟ್ಟು ಹೊರಗೆ ನಿಲ್ಲಿಸಿ, ನೀವು ಒಳಗೆ ಕೂತು ಬೀಗ ಹಾಕಿಸಿಕೊಳ್ಳಿ. ಈಗ ಯಾವ ಗುಂಡಿಯನ್ನೂ ಒತ್ತದೆ ಹೊರಬನ್ನಿ. ಕೆಲವು ಕಾರುಗಳಲ್ಲಿ ಒಳಗಿನ ಹ್ಯಾಂಡಲನ್ನು ಒಮ್ಮೆ ಎಳೆದರೆ ಬೀಗ, ಎರಡನೇ ಸಲ ಎಳೆದರೆ ಬಾಗಿಲು. ಕೆಲವದರಲ್ಲಿ ಹ್ಯಾಂಡಲಿನ ಪಕ್ಕದ ಪುಟ್ಟ ಗುಬುಟನ್ನು ಸರಿಸಬೇಕು. ಆಮೇಲೆ ಹಿಂದಿನ ಸೀಟಿಗೆ ಹೋಗಿ ಅದನ್ನೇ ಮಾಡಿ, ಅದು ಬೇರೆ ಇರಬಹುದು. ಮನೆಯ ಅಜ್ಜಿಗೂ, ಎಂಟು ಹತ್ತು ವರ್ಷದ ಮಕ್ಕಳಿಗೂ ಮಾಡಿಸಿ. ಹಿಂಬಾಗಿಲು ತೆರೆದು ಅದರ ಅಂಚು ನೋಡಿದರೆ ಚೈಲ್ಡ್ ಲಾಕಿನ ಸಣ್ಣ ಸನ್ನೆ ಕಾಣುತ್ತದೆ. ಅದು ಹಾಕಿದ್ದರೆ ಒಳಗಿನ ಹ್ಯಾಂಡಲ್ ಏನು ಮಾಡಿದರೂ ತೆರೆಯದು. ಮಗು ದೊಡ್ಡದಾಗಿ ಕಾಲೇಜಿಗೆ ಹೋದರೂ ಆ ಸನ್ನೆ ಹಾಗೇ ಇರುವ ಕಾರುಗಳು ಬಹಳ. ಟ್ಯಾಕ್ಸಿ ಹತ್ತುವಾಗಲೂ ಬಾಗಿಲು ಮುಚ್ಚುವ ಮುಂಚೆ ಅದೇ ಅಂಚನ್ನು ಒಮ್ಮೆ ನೋಡಿ. ಚಾಲಕರು ಬೇಸರಪಡುವುದಿಲ್ಲ.

ನೀರಿನ ವಿಷಯದಲ್ಲಿ ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಗಾರ್ಡನ್ ಗೀಸ್‌ಬ್ರೆಕ್ಟ್ ಕಾರುಗಳನ್ನು ನಿಜವಾಗಿ ನೀರಿಗೆ ಇಳಿಸಿ ಪರೀಕ್ಷೆ ಮಾಡಿದವರು. ಅವರ ಮಾತು ಚಿಕ್ಕದು: ಬೆಲ್ಟ್ ಬಿಚ್ಚಿ, ಕಿಟಕಿ ತೆಗೆಯಿರಿ, ಹೊರಬನ್ನಿ, ಮಕ್ಕಳನ್ನು ಮೊದಲು ಕಳಿಸಿ. ಬಾಗಿಲಿನ ಜೊತೆ ಗುದ್ದಾಡಬೇಡಿ, ಫೋನ್ ಮಾಡುತ್ತಾ ಕೂರಬೇಡಿ, ಒಳಗೂ ನೀರು ತುಂಬಿ ಒತ್ತಡ ಸಮವಾಗಲಿ ಎಂದು ಕಾಯಬೇಡಿ. ಕಿಟಕಿ ಇಳಿಯುವ ಕಾಲ ಮೊದಲ ಒಂದು ನಿಮಿಷ ಮಾತ್ರ. ನಮ್ಮ ಸಬ್‌ವೇಗಳಲ್ಲಿ ಇನ್ನೂ ಮುಂಚೆಯೇ ಮಾಡಬಹುದಾದದ್ದಿದೆ. ನೀರಿನ ಆಳ ಗೊತ್ತಿಲ್ಲದಿದ್ದರೆ ಇಳಿಯದಿರುವುದು. ಹರಿಯುವ ಒಂದು ಅಡಿ ನೀರು ಚಿಕ್ಕ ಕಾರನ್ನು ತೇಲಿಸಿಕೊಂಡು ಹೋಗಬಲ್ಲದು. ಕಾರು ಹಗುರವಾದಷ್ಟೂ ಬೇಗ.

ಇನ್ನು ಸುತ್ತಿಗೆ. ಪಕ್ಕದ ಕಿಟಕಿಯ ಮೂಲೆಯಲ್ಲಿ ಪುಟ್ಟ ಅಕ್ಷರದಲ್ಲಿ ಬರೆದಿರುತ್ತದೆ, ನೋಡಿ. ‘ಟೆಂಪರ್ಡ್’ ಎಂದಿದ್ದರೆ ಚೂಪು ಮೂತಿಯ ಸುತ್ತಿಗೆಯಿಂದ ಗಾಜಿನ ಮೂಲೆಗೆ ಹೊಡೆದರೆ ಪುಡಿಯಾಗುತ್ತದೆ. ಮಧ್ಯಕ್ಕೆ ಹೊಡೆದರೆ ಕಷ್ಟ. ‘ಲ್ಯಾಮಿನೇಟೆಡ್’ ಎಂದಿದ್ದರೆ, ಮುಂದಿನ ದೊಡ್ಡ ಗಾಜು ಯಾವಾಗಲೂ ಹಾಗಿರುತ್ತದೆ, ಸುತ್ತಿಗೆ ಪ್ರಯೋಜನವಿಲ್ಲ. ಅಮೆರಿಕದ ವಾಹನ ಸಂಘದವರು 2019ರಲ್ಲಿ ಪರೀಕ್ಷಿಸಿ ಇದನ್ನೇ ಹೇಳಿದರು. ಸುತ್ತಿಗೆಗಿಂತ ಸ್ಪ್ರಿಂಗ್ ಇರುವ, ಒತ್ತಿದರೆ ಸಾಕಾಗುವ ಸಾಧನ ಉತ್ತಮ ಎಂದೂ ಹೇಳಿದರು. ಎರಡರಲ್ಲಿ ಯಾವುದನ್ನೇ ಕೊಳ್ಳಿ, ಸ್ಟೆಪ್ನಿಯ ಪಕ್ಕದಲ್ಲಿ ಡಿಕ್ಕಿಯಲ್ಲಿ ಇಡಬೇಡಿ. ಸೀಟ್ ಬೆಲ್ಟ್ ಕಟ್ಟಿಕೊಂಡು ಕೂತಾಗ ಎಡಗೈಗೆ ಸಿಗುವ ಜಾಗ ಯಾವುದು ಎಂದು ನೋಡಿ, ಅಲ್ಲಿ ಸಿಕ್ಕಿಸಿಡಿ.